ಯಂತ್ರದ ಕೆಲಸವೂ ಧೂಮಪಾನವೂ

ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವವನ, ಒಕ್ಕಣೆಯ ಯಂತ್ರಕ್ಕೆ ತೆನೆಯೊಡ್ಡುವವನ ಕ್ಷೇಮವು ಬಹುಮಟ್ಟಿಗೆ ಅವನ ಕೈಯ ಚುರುಕನ್ನು ಅವಲಂಬಿಸಿರುವುದು. ಕಣ್ಣು ಅಪಾಯವನ್ನು ಕಂಡು, ಮಿದುಳು ಅದನ್ನರಿತು, ಕೈಯು ಹಿಂದಕ್ಕೆ ಸರಿಯಲು ಸ್ವಲ್ಪ ಕಾಲ ಹಿಡಿಯುವುದಷ್ಟೆ. ಆರೋಗ್ಯವಂತನಾದ ತರುಣನಿಗೆ, ನಿರೀಕ್ಷಿಸಿದ ಸಂಜ್ಞೆಗಾದರೆ, ಇದಕ್ಕೆ ಸುಮಾರು ಕಾಲು ಸೆಕೆಂಡು ಬೇಕು. ಅನಿರೀಕ್ಷಿತವಾದ ಅಪಾಯಕ್ಕೆ ಇನ್ನೂ ಹೆಚ್ಚು. ಗಂಟೆಗೆ 18 ಕಿಲೋಮೀಟರ್ ವೇಗದ ಟ್ರ್ಯಾಕ್ಟರನ್ನು ನಡೆಸುವವನು ಸೆಕೆಂಡಿನ ಹತ್ತನೆಯ ಒಂದು ಪಾಲು ತಡಮಾಡಿದರೆ, ಗಾಡಿಯು ಅರ್ಧ ಮೀಟರ್ ಮುಂದೆ ಹೋಗಿರುವುದು.

ಬಹುಕಾಲ ಬೀಡಿ, ಸಿಗರೇಟು ಸೇದಿದವರಲ್ಲಿ ಈ ಚುರುಕು ಕುಂದುವ ಸಂಭವವುಂಟು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ರಕ್ತದ ಹೀಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಮಿಗಿಲಾಗಿ ಅಂಟಿಕೊಳ್ಳುತ್ತದೆ. ಮಿದುಳಿಗೆ ಸಲ್ಲಬೇಕಾದ ಆಮ್ಲಜನಕವು ಅಷ್ಟರಮಟ್ಟಿಗೆ ಕಡಿಮೆಯಾಗುವುದು. ವರ್ಷಗಳು ಕಳೆದಂತೆ ರಕ್ತನಾಳಗಳೂ ಕೆಡುವುವು. ಬೀಡಿಯ ಎಲೆಯು ಬೇಗನೆ ನಂದುವುದರಿಂದ ಪದೇ ಪದೇ ಎಳೆಯಬೇಕಾಗಿ, ಹೊಗೆಯು ಹೆಚ್ಚಾಗಿ ಒಳಸೇರುವುದು.

ಬ್ರಿಟನ್ನಿನ ಸರ್ಕಾರಿ ನೌಕರರನ್ನು ಅನೇಕ ವರ್ಷ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ, ಸೇದುವ ಪುರುಷರ ಬುದ್ಧಿಶಕ್ತಿಯು ಸೇದದವರದಕ್ಕಿಂತ ಶೀಘ್ರವಾಗಿ ಇಳಿದುದು ಕಂಡುಬಂದಿತು. ಹತ್ತು ವರ್ಷ ಮೊದಲೇ ಅಭ್ಯಾಸವನ್ನು ಬಿಟ್ಟವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ.

"ಒಂದು ಬೀಡಿ ಸೇದಿದರೆ ಕೆಲಸ ಚುರುಕಾಗುವುದು" ಎಂದು ಆಳುಗಳು ಹೇಳುವುದುಂಟು. ಇದರಲ್ಲಿ ಹೆಚ್ಚಿನ ಪಾಲು ಚಟದ ತಳಮಳವು ಶಮನವಾದುದರ ಫಲವೇ ಹೊರತು ಹೊಸ ಶಕ್ತಿಯಲ್ಲ. ಎರಡು ಗಂಟೆಗಳೊಳಗಾಗಿ ನಿಕೋಟಿನ್ ಇಳಿದು, ಮನಸ್ಸು ಮತ್ತೆ ಬೀಡಿಯ ಕಡೆಗೆ ಹರಿಯುವುದು. ಆ ಹೊತ್ತಿಗೆ ಕೈಯು ಉರುಳೆಯ ಬಾಯಲ್ಲಿದ್ದರೆ ಆಗುವ ಅನರ್ಥವನ್ನು ವಿವರಿಸಬೇಕಾಗಿಲ್ಲ.

ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು:

1. ಒಬ್ಬನನ್ನೇ ಬಹಳ ಹೊತ್ತು ಯಂತ್ರದ ಮುಂದೆ ನಿಲ್ಲಿಸದೆ, ಸರದಿಯಂತೆ ವಿರಾಮ ಕೊಡಬೇಕು.

2. ಕಣದಲ್ಲಿಯೂ ಹುಲ್ಲಿನ ಬಣವೆಯ ಬಳಿಯಲ್ಲಿಯೂ ಸೇದಗೊಡಬಾರದು. ಅಲ್ಲಿ ಬೆಂಕಿಯ ಭಯವೂ ಉಂಟು.

3. ಯಂತ್ರದ ಬಾಯಿಗೆ ರಕ್ಷಣೆಯ ಕವಚವಿರಬೇಕು. ನಿಲ್ಲಿಸುವ ಗುಂಡಿಯು ಕೈಗೆಟಕುವಂತಿರಬೇಕು. ಸೇದದವನಿಗೂ ಇದು ಅವಶ್ಯಕ.

4. ಬೀಡಿ ಬಿಟ್ಟ ಮೊದಲ ಕೆಲವು ದಿನ ಗಮನವು ಚಂಚಲವಾಗಿರುವುದು. ಆಗ ಅಂತಹವರಿಗೆ ಯಂತ್ರದ ಕೆಲಸ ಬಿಟ್ಟು ಬೇರೆ ಕೆಲಸ ಒಪ್ಪಿಸುವುದು ಲೇಸು.

5. ಬಿಡಲಿಚ್ಛಿಸುವವರು 1800-112-356 ಎಂಬ ಸರ್ಕಾರದ ಉಚಿತ ಸಹಾಯವಾಣಿಯನ್ನು ವಿಚಾರಿಸಬಹುದು.

ಮುರಿದ ಯಂತ್ರವನ್ನು ದುರಸ್ತಿ ಮಾಡಿಸಬಹುದು. ದುಡಿಯುವವನ ಕೈ ಹೋದರೆ ಅವನ ಸಂಸಾರದ ಅನ್ನವೇ ಹೋದಂತೆ. ಮುಖಂಡರು ತಾವೇ ಬೀಡಿಯನ್ನು ತ್ಯಜಿಸಿ ಮೇಲ್ಪಂಕ್ತಿಯಾದರೆ ಆಳುಗಳೂ ಅನುಸರಿಸುವರು.