ಅಂಕಿ ಸರಿ ಇತ್ತು, ಓದಿದ ಕ್ರಮ ತಪ್ಪಿತ್ತು

ಈ ವರ್ಷ ನನ್ನ ಸ್ಕಾಲರ್‌ಶಿಪ್ ಅರ್ಜಿ ವಾಪಸ್ ಬಂತು. ಕಾರಣ, ಜನ್ಮದಿನಾಂಕ ತಾಳೆಯಾಗುತ್ತಿಲ್ಲ ಅಂತ. ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ದಿನಾಂಕ 07-04 ಎಂದು ಶುರುವಾಗುತ್ತದೆ, ಅಂದರೆ ಏಪ್ರಿಲ್ 7. ಅರ್ಜಿಯಲ್ಲಿ ಮೊದಲು ತಿಂಗಳು, ಆಮೇಲೆ ದಿನ ಕೇಳಿದ್ದರು. ನಾವು ಗಮನಿಸದೆ ಕಾರ್ಡಿನಲ್ಲಿದ್ದಂತೆಯೇ ತುಂಬಿದೆವು. ಕಂಪ್ಯೂಟರ್ ನನ್ನನ್ನು ಜುಲೈ 4ರಂದು ಹುಟ್ಟಿಸಿಬಿಟ್ಟಿತು! ಅದನ್ನು ಸರಿಪಡಿಸಲು ಅಬ್ಬಾ ಎರಡು ದಿನದ ಕೂಲಿ ಬಿಟ್ಟು ನನ್ನ ಜೊತೆ ಓಡಾಡಿದರು. ಕೌಂಟರಿನಲ್ಲಿದ್ದವರು ಕೊನೆಗೆ ಹೇಳಿದರು, "ತಂಗಿ, ನಂಬರ್ ತಪ್ಪಿಲ್ಲ, ಹಿಂದ್ ಮುಂದ್ ಆಗ್ಯಾವ ನೋಡು."

ನಾನು 25ನೇ ತಾರೀಖು ಹುಟ್ಟಿದ್ದರೆ ತಪ್ಪು ಅಲ್ಲೇ ಸಿಗುತ್ತಿತ್ತು, 25ನೇ ತಿಂಗಳು ಇಲ್ಲವಲ್ಲ. ಆದರೆ 07-04 ಅನ್ನು ಹೇಗೆ ಓದಿದರೂ ಅದು ಸರಿಯಾದ ದಿನಾಂಕವೇ. ಅದಕ್ಕೇ ಯಾರಿಗೂ ತಿಳಿಯಲಿಲ್ಲ. ಇಂಥದ್ದೇ ತೊಂದರೆ ಕಂಪ್ಯೂಟರಿನ ಒಳಗೂ ಇದೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ನಾನು ಸಿಇಬಿಎ ವಿದ್ಯಾರ್ಥಿ. ನನಗೆ ಅರ್ಥವಾದಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಲಕೋಟೆ ನೋಡೋಣ. ನಮ್ಮ ಗೆಳೆಯರ ಊರುಗಳ ಪಿನ್ ಕೋಡ್ ಹೀಗಿವೆ: ಇಂಡಿ 586209, ಸಿಂದಗಿ 586128, ಮುದ್ದೇಬಿಹಾಳ 586212, ಬಸವನ ಬಾಗೇವಾಡಿ 586203. ಪಿನ್ ಕೋಡಿನಲ್ಲಿ ಮೊದಲು ದೊಡ್ಡದು, ಆಮೇಲೆ ಚಿಕ್ಕದು ಬರುತ್ತದೆ. 5 ಎಂದರೆ ಅಂಚೆಯ ವಲಯ, 586 ಎಂದರೆ ನಮ್ಮ ವಿಜಯಪುರದ ಕಡೆ, ಕೊನೆಯ ಮೂರು ಅಂಕಿ ಅಂಚೆ ಕಚೇರಿಯದು. ವಿಳಾಸ ಬರೆಯುವಾಗ ಮಾತ್ರ ಇದರ ಉಲ್ಟಾ: ಹೆಸರು, ಮನೆ, ಓಣಿ, ಊರು, ಆಮೇಲೆ ಜಿಲ್ಲೆ. ಒಂದೇ ಲಕೋಟೆಯ ಮೇಲೆ ಎರಡು ಕ್ರಮ. ನಮ್ಮ ಮನೆಯ ಉರ್ದು ಲೆಕ್ಕದ ಪುಸ್ತಕವೂ ಹಾಗೇ, ಅಕ್ಷರ ಬಲದಿಂದ ಎಡಕ್ಕೆ, ಅಂಕಿ ಎಡದಿಂದ ಬಲಕ್ಕೆ. ರೂಢಿ ಗೊತ್ತಿರುವುದರಿಂದ ನಮಗೆ ಗೊಂದಲವಾಗುವುದಿಲ್ಲ. ಕಂಪ್ಯೂಟರಿಗೆ ರೂಢಿ ಗೊತ್ತಿಲ್ಲ, ಅದಕ್ಕೆ ಹೇಳಲೇಬೇಕು.

ಈಗ ಕರ್ನಲ್ ವಿಷಯ. ಆಪರೇಟಿಂಗ್ ಸಿಸ್ಟಮ್‌ನ ತಿರುಳೇ ಕರ್ನಲ್. ಲಿನಕ್ಸ್ ಕರ್ನಲ್ 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ್ದು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನುಗಳೂ ಅದರ ಮೇಲೆಯೇ ನಡೆಯುತ್ತವೆ. ಡಿಸ್ಕಿನ ಭಾಗಗಳನ್ನೂ ಇನ್ನೂ ಹಲವು ವಸ್ತುಗಳನ್ನೂ ಗುರುತಿಸಲು ಕರ್ನಲ್ ಯುಯುಐಡಿ ಎಂಬ ಸಂಖ್ಯೆಯನ್ನು ಬಳಸುತ್ತದೆ. ಅದು 128 ಬಿಟ್, ಅಂದರೆ 16 ಬೈಟ್ ಉದ್ದ. ಬರೆದಾಗ ನಡುವಿನ ಅಡ್ಡಗೆರೆಗಳೂ ಸೇರಿ 36 ಚಿಹ್ನೆ. ಆಧಾರ್ ಸಂಖ್ಯೆಯನ್ನು ಒಂದು ಸಂಸ್ಥೆ ಕೊಡಬೇಕು. ಯುಯುಐಡಿಯನ್ನು ಯಾವ ಕಂಪ್ಯೂಟರ್ ಬೇಕಾದರೂ ಯಾರನ್ನೂ ಕೇಳದೆ ತಾನೇ ಹುಟ್ಟಿಸಿಕೊಳ್ಳಬಹುದು. ಸಂಖ್ಯೆ ಅಷ್ಟು ದೊಡ್ಡದಾದ್ದರಿಂದ ಎರಡು ಒಂದೇ ಆಗುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ.

ತೊಡಕು ಇರುವುದು ಅದನ್ನು ಮೆಮೊರಿಯಲ್ಲಿ ಇಡುವ ಕ್ರಮದಲ್ಲಿ. ಒಂದು ಪದ್ಧತಿಯಲ್ಲಿ ಬರೆದ ಕ್ರಮದಲ್ಲೇ ಬೈಟುಗಳನ್ನು ಇಡುತ್ತಾರೆ. ಮೈಕ್ರೋಸಾಫ್ಟ್ ಬಳಸಿದ ಪದ್ಧತಿಯಲ್ಲಿ ಮೊದಲ ಮೂರು ಗುಂಪುಗಳನ್ನು ಹಿಂದುಮುಂದಾಗಿ ಇಡುತ್ತಾರೆ, ಉಳಿದದ್ದು ಇದ್ದಂತೆಯೇ. ಉದಾಹರಣೆಗೆ 00112233 ಎಂಬ ಮೊದಲ ಗುಂಪು ಒಂದರಲ್ಲಿ 00, 11, 22, 33 ಆಗಿ ಕೂರುತ್ತದೆ, ಇನ್ನೊಂದರಲ್ಲಿ 33, 22, 11, 00 ಆಗಿ. ಕಂಪ್ಯೂಟರ್ ಆನ್ ಆದಾಗ ಮೊದಲು ಏಳುವ ಯುಇಎಫ್‌ಐ ಎರಡನೆಯದನ್ನು ಬಳಸುತ್ತದೆ. ಲಿನಕ್ಸಿಗೆ ಎರಡೂ ಬೇಕು. ತಪ್ಪು ಕ್ರಮದಲ್ಲಿ ಓದಿದರೂ ಅದು ಸರಿಯಾದ ಸಂಖ್ಯೆಯಂತೆಯೇ ಕಾಣುತ್ತದೆ, ನನ್ನ 07-04ರ ಹಾಗೆ. ಡಿಸ್ಕ್ ಎದುರಿಗೇ ಇದ್ದರೂ ಕಂಪ್ಯೂಟರ್ ಇಲ್ಲ ಎನ್ನಬಹುದು.

2017ರವರೆಗೆ ಲಿನಕ್ಸಿನಲ್ಲಿ ಇದಕ್ಕೆ ಒಂದೇ ರೂಢಿ ಇರಲಿಲ್ಲ. ಕರ್ನಲ್‌ನ ಸಾಮಾನ್ಯ ಭಾಗದಲ್ಲಿ ಯುಯುಐಡಿ-ಬಿಇ, ಯುಯುಐಡಿ-ಎಲ್‌ಇ ಎಂಬ ಎರಡು ಮಾದರಿಗಳಿದ್ದವು. ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ತನ್ನದೇ ಮಾದರಿ ಇಟ್ಟುಕೊಂಡಿತ್ತು. ಇನ್ನು ಕೆಲವು ಕಡೆ ಬರೀ 16 ಬೈಟುಗಳ ಸಾಲು, ಅದು ಯಾವ ಜಾತಿಯದೆಂಬ ಗುರುತೇ ಇಲ್ಲ. ಆ ವರ್ಷ ಕ್ರಿಸ್ಟೋಫ್ ಹೆಲ್‌ವಿಗ್, ಆಂಡಿ ಶೆವ್‌ಚೆಂಕೊ ಮುಂತಾದವರು ಇದನ್ನು ಒಂದು ಶಿಸ್ತಿಗೆ ತಂದರು. ಬರೆದ ಕ್ರಮದಲ್ಲೇ ಇರುವುದಕ್ಕೆ ಯುಯುಐಡಿ-ಟಿ, ಹಿಂದುಮುಂದಾಗಿ ಇರುವುದಕ್ಕೆ ಜಿಯುಐಡಿ-ಟಿ ಎಂದು ಹೆಸರಾಯಿತು. ಹೋಲಿಸಲು, ನಕಲು ಮಾಡಲು ಪ್ರತಿಯೊಂದಕ್ಕೂ ಪ್ರತ್ಯೇಕ ಫಂಕ್ಷನ್‌ಗಳು ಬಂದವು. 2017ರ ಸೆಪ್ಟೆಂಬರಿನಲ್ಲಿ ಬಂದ 4.13ನೇ ಆವೃತ್ತಿಯಲ್ಲಿ ಈ ಬದಲಾವಣೆ ಇತ್ತು.

ಹೆಸರು ಬದಲಾದರೆ ಏನು ಲಾಭ? ನಮ್ಮ ಅಕೌಂಟೆನ್ಸಿಯನ್ನೇ ನೆನೆಯಿರಿ. ಬರೀ 500 ರೂಪಾಯಿ ಎಂದರೆ ಅರ್ಥವಿಲ್ಲ. ಅದು ಡೆಬಿಟ್ಟೋ ಕ್ರೆಡಿಟ್ಟೋ ಎಂದು ಕಾಲಂ ಹೇಳಬೇಕು. ತಪ್ಪು ಕಾಲಂಗೆ ಹೋದರೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ ನಮ್ಮನ್ನು ಎಚ್ಚರಿಸುತ್ತದೆ. ಹಾಗೆಯೇ ಒಂದು ಮಾದರಿ ಬೇಕಾದಲ್ಲಿ ಇನ್ನೊಂದನ್ನು ಕೊಟ್ಟರೆ ಕಂಪೈಲರ್ ಪ್ರೋಗ್ರಾಂ ಬರೆದವರನ್ನು ಎಚ್ಚರಿಸುತ್ತದೆ. ತಪ್ಪು ಬಳಸುವವರ ತನಕ ಬರುವ ಮೊದಲೇ ಸಿಗುತ್ತದೆ. ಗುರುತಿಲ್ಲದ ಬರೀ ಬೈಟುಗಳಾದರೆ ಕಂಪೈಲರ್ ಏನು ತಾನೇ ಹೇಳೀತು?

ನನ್ನ ಅರ್ಜಿಯ ಪುಟದಲ್ಲಿ ತಿಂಗಳನ್ನು ಅಕ್ಷರದಲ್ಲಿ ಆರಿಸುವಂತೆ ಇಟ್ಟಿದ್ದರೆ ಅಬ್ಬಾನ ಎರಡು ದಿನದ ಕೂಲಿ ಉಳಿಯುತ್ತಿತ್ತು. ಗೆಳೆಯರೇ, ಮುಂದೆ ಪರೀಕ್ಷೆಯ ಫಾರ್ಮ್ ಇರಲಿ, ಸ್ಕಾಲರ್‌ಶಿಪ್ ಇರಲಿ, ದಿನಾಂಕ ತುಂಬುವ ಮೊದಲು ಯಾವ ಕ್ರಮದಲ್ಲಿ ಕೇಳಿದ್ದಾರೆಂದು ನೋಡಿ. ಕಾಗದದ ಮೇಲೆ ಬರೆಯುವಾಗ "7 ಏಪ್ರಿಲ್" ಎಂದೇ ಬರೆಯಿರಿ. ಹಾಗೆ ಬರೆದದ್ದನ್ನು ಯಾರೂ ಜುಲೈ ಎಂದು ಓದಲಾರರು.