ಎತ್ತಿನ ಗಾಡಿಗೆ ಕಾರಿನ ಟೈರು

ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಒಂದು ಕಾಲಕ್ಕೆ ಪಾಳೇಗಾರರ ಊರು, ಈಗ ಹೋಬಳಿ ಕೇಂದ್ರ. ಸುತ್ತ ತೆಂಗು, ಅಡಿಕೆ, ರಾಗಿಯ ಸೀಮೆ. ತೋಟದ ಕಾಯಿ, ಹೊಲದ ಹುಲ್ಲು, ತಿಪ್ಪೆಯ ಗೊಬ್ಬರ ಎಲ್ಲವನ್ನೂ ಈಗ ಬಹುಪಾಲು ಟ್ರ್ಯಾಕ್ಟರೇ ಹೊರುತ್ತದೆ. ಆದರೂ ಎತ್ತು ಕಟ್ಟುವ ಮನೆಗಳು ಈ ಕಡೆ ಇನ್ನೂ ಇವೆ. ಆ ಮನೆಗಳ ಮುಂದೆ ಮೂಕಿ ಊರಿ ನಿಂತಿರುವುದು ಹೆಚ್ಚಾಗಿ ಟೈರ್ ಗಾಡಿ. ಅದರ ಟೈರುಗಳ ಹಿಂದಿನ ಜನ್ಮ ಕೆದಕಿದರೆ ಕಾರು, ಜೀಪು, ವ್ಯಾನುಗಳ ಕಥೆ ಹೊರಬರುತ್ತದೆ. ಒಂದು ವಾಹನಕ್ಕೆಂದು ಹುಟ್ಟಿದ ಟೈರನ್ನು ಇನ್ನೊಂದಕ್ಕೆ ಒಗ್ಗಿಸುವುದು ದೊಡ್ಡ ಕಸುಬುದಾರಿಕೆ. ಗಾಡಿ ಮಾಡುವ ಮೇಸ್ತ್ರಿಗೆ ಅದರಲ್ಲಿ ಎರಡು ವಿಷಯ ಚೆನ್ನಾಗಿ ಗೊತ್ತಿರಬೇಕು. ಈ ಚಕ್ರ ತಾನೇ ಎಳೆಯುತ್ತದೋ, ಸುಮ್ಮನೆ ಉರುಳುತ್ತದೋ? ತಿರುವಿನಲ್ಲಿ ನೆಟ್ಟಗೆ ನಿಲ್ಲುತ್ತದೋ, ಪಕ್ಕಕ್ಕೆ ಒರಗುತ್ತದೋ?

ಹಳೆಯ ಮರದ ಗಾಲಿಯನ್ನು ಹಗುರವಾಗಿ ನೋಡಬಾರದು. ನಾಲ್ಕೂವರೆ, ಐದು ಅಡಿ ಎತ್ತರದ ಆ ಗಾಲಿ ಗುಂಡಿ ಕಲ್ಲುಗಳನ್ನು ಸಲೀಸಾಗಿ ದಾಟುತ್ತದೆ. ಕಮ್ಮಾರ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ನೀರು ಹೊಯ್ದು ಕುಗ್ಗಿಸಿದರೆ ಒಂದು ಮೊಳೆಯೂ ಇಲ್ಲದೆ ಮರದ ತುಂಡುಗಳೆಲ್ಲ ಬಿಗಿದು ಒಂದಾಗುತ್ತವೆ. ಅದರ ತೊಂದರೆ ಇರುವುದು ಪಟ್ಟಿಯ ಅಗಲದಲ್ಲಿ. ಎರಡು ಅಂಗುಲದ ಕಬ್ಬಿಣ ಗಟ್ಟಿ ರಸ್ತೆಯನ್ನು ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ ಮುಟ್ಟುತ್ತದೆ. ಮಳೆಯಲ್ಲಿ ನೆನೆದ ಹೊಲದಲ್ಲಾದರೆ ಮಣ್ಣನ್ನು ಸೀಳಿಕೊಂಡು ಇಳಿಯುತ್ತದೆ. ಎತ್ತು ಎಳೆಯುವುದು ಆಗ ಹೊರೆಯನ್ನಲ್ಲ, ಕೆಸರನ್ನು.

ಗಾಳಿ ತುಂಬಿದ ಟೈರಿನ ಲೆಕ್ಕ ಬೇರೆ. ಅದು ನೆಲವನ್ನು ಒತ್ತುವ ಬಿಗಿ ಹೆಚ್ಚುಕಡಿಮೆ ಒಳಗಿರುವ ಗಾಳಿಯ ಬಿಗಿಯಷ್ಟೇ. ಹೊರೆ ಸೇರಿ ಒಂದು ಟನ್ ತೂಗುವ ಗಾಡಿಯಲ್ಲಿ ಒಂದೊಂದು ಚಕ್ರಕ್ಕೆ 500 ಕಿಲೋ ಬೀಳುತ್ತದೆ ಅನ್ನೋಣ. ಟೈರಿಗೆ 40 ಪೌಂಡ್ ಗಾಳಿ ಹೊಡೆದಿದ್ದರೆ ಅದು ಚದರ ಸೆಂಟಿಮೀಟರಿಗೆ ಸುಮಾರು 2.8 ಕಿಲೋ ಒತ್ತಡ. ಹಾಗಾದರೆ ಟೈರು ನೆಲದ ಮೇಲೆ ಸುಮಾರು 180 ಚದರ ಸೆಂಟಿಮೀಟರ್ ಹರಡಿಕೊಂಡೇ ತೀರಬೇಕು, ಬೆರಳು ಬಿಡಿಸಿ ಊರಿದ ಕೈಯಷ್ಟು. ಹೊರೆ ಹೆಚ್ಚಿಸಿದರೆ ಟೈರು ಇನ್ನಷ್ಟು ಚಪ್ಪಟೆಯಾಗಿ ಹೆಚ್ಚು ನೆಲ ಹಿಡಿಯುತ್ತದೆ. ಕಲ್ಲು ಎದುರಾದರೆ ಕಬ್ಬಿಣದ ಗಾಲಿ ಇಡೀ ಗಾಡಿಯನ್ನು ಎತ್ತಿಕೊಂಡು ದಾಟಬೇಕು. ರಬ್ಬರು ಆ ಕಲ್ಲನ್ನು ತನ್ನೊಳಗೆ ತಗ್ಗಿಸಿಕೊಂಡು ಮುಂದೆ ಹೋಗುತ್ತದೆ. ಎತ್ತಿನ ಹೆಗಲಿಗೆ ಬೀಳುವ ಏಟು ಅಲ್ಲೇ ಕರಗುತ್ತದೆ.

ಇತಿಹಾಸದಲ್ಲೂ ಗಾಳಿಯ ಟೈರು ಮೊದಲು ಕಂಡದ್ದು ಪ್ರಾಣಿ ಎಳೆಯುವ ಗಾಡಿಯನ್ನೇ. 1845ರಲ್ಲಿ ರಾಬರ್ಟ್ ವಿಲಿಯಂ ಥಾಮ್ಸನ್ ಅದಕ್ಕೆ ಪೇಟೆಂಟ್ ಪಡೆದಾಗ ಕಾರು ಎಂಬುದೇ ಇರಲಿಲ್ಲ. ಆತ ಕುದುರೆ ಸಾರೋಟಿಗೆ ತೊಡಿಸಿ ಪರೀಕ್ಷಿಸಿದ. ಅದು ಮರೆತುಹೋಗಿ, 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್ಲಪ್ ಮತ್ತೆ ಬಳಕೆಗೆ ತಂದ. ಆತ ವೃತ್ತಿಯಿಂದ ಪಶುವೈದ್ಯ. ನಮ್ಮ ಎಷ್ಟೋ ಊರುಗಳಲ್ಲಿ ಟೈರ್ ಗಾಡಿಗೆ ಡನ್ಲಪ್ ಗಾಡಿ ಎಂದೇ ಹೆಸರು ನಿಂತಿರುವುದು ನನಗೆ ತುಂಬ ಸಂತೋಷ ಕೊಡುವ ಸಂಗತಿ.

ಟೈರಿನ ಜೊತೆಗೆ ಬಂದ ಬೇರಿಂಗಿನ ಉಪಕಾರವೂ ಸಣ್ಣದಲ್ಲ. ಹಳೆಯ ಗಾಡಿಯಲ್ಲಿ ಅಚ್ಚು ಮತ್ತು ಗಾಲಿಯ ನಡುವೆ ಇದ್ದದ್ದು ಕೀಲೆಣ್ಣೆ ಮಾತ್ರ. ಭಾರ ಎಳೆಯುವ ಪ್ರಾಣಿಗಳ ರಕ್ಷಣೆಗೆ 1965ರಲ್ಲಿ ಬಂದ ಕೇಂದ್ರದ ನಿಯಮಗಳು ಈ ವ್ಯತ್ಯಾಸವನ್ನು ಅಂಕಿಯಲ್ಲೇ ಹೇಳುತ್ತವೆ. ಎರಡು ಚಕ್ರದ ಗಾಡಿಗೆ ಸಣ್ಣ ಎತ್ತಿನ ಲೆಕ್ಕದಲ್ಲಿ ಗಾಳಿಯ ಟೈರಿಲ್ಲದಿದ್ದರೆ 500 ಕಿಲೋ, ಇದ್ದರೆ 750, ಬಾಲ್ ಬೇರಿಂಗ್ ಇದ್ದರೆ 1000 ಕಿಲೋ ಮಿತಿ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು ದೊಡ್ಡ ದೊಡ್ಡ ಕಂಪನಿಗಳ ಆಡಳಿತದಷ್ಟೇ ಶ್ರದ್ಧೆಯಿಂದ ಎತ್ತಿನ ಗಾಡಿಯ ನೊಗ ಮತ್ತು ಚಕ್ರದ ಸುಧಾರಣೆಗಾಗಿ ದಶಕಗಳ ಕಾಲ ವಾದಿಸಿದರು. ಅವರು ವಿದ್ವತ್ತಿನಿಂದ ಹೇಳಿದ್ದನ್ನು ಊರಿನ ವೆಲ್ಡಿಂಗ್ ಅಂಗಡಿಗಳು ಗುಜರಿ ಸಾಮಾನಿನಲ್ಲಿ ಮಾಡಿ ತೋರಿಸುತ್ತಿದ್ದವು.

ಗಾಡಿಗೆಂದೇ ಮಾಡಿದ ಟೈರುಗಳೂ ಸಿಗುತ್ತವೆ. ಪಕ್ಕದಲ್ಲಿ ಎಡಿವಿ, ಅಂದರೆ ಪ್ರಾಣಿ ಎಳೆಯುವ ವಾಹನ (ಅನಿಮಲ್ ಡ್ರಾನ್ ವೆಹಿಕಲ್) ಎಂಬ ಅಕ್ಷರಗಳು, 7.00-19, 8.00-19 ಎಂಬಂಥ ಅಳತೆ ಇರುತ್ತವೆ. ಆದರೆ ಮೇಸ್ತ್ರಿಯ ಜಾಣತನ ಬೆಳಗುವುದು ಹಳೆಯ ಟೈರಿನಲ್ಲಿ. ರಸ್ತೆಯಲ್ಲಿ ಟೈರನ್ನು ಕೊಲ್ಲುವುದು ಮುಖ್ಯವಾಗಿ ಬಿಸಿ. ಗಂಟೆಗೆ 80 ಕಿಲೋಮೀಟರ್ ಓಡುವಾಗ ಟೈರಿನ ಪಕ್ಕ ಎಡೆಬಿಡದೆ ಮಡಿಸಿಕೊಂಡು ಬಿಡಿಸಿಕೊಂಡು ಕಾಯುತ್ತದೆ, ಒಳಗಿನ ಪದರಗಳು ಬಿಡುತ್ತವೆ. ಎತ್ತಿನ ನಡಿಗೆ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್. ಅಲ್ಲಿ ಬಿಸಿಯಾಗುವ ಮಾತೇ ಇಲ್ಲ. ಗ್ರಿಪ್ಪು ಸವೆದು ಬೋಳಾಗಿರುವುದೂ ಅಡ್ಡಿಯಿಲ್ಲ, ಯಾಕೆಂದರೆ ಈ ಚಕ್ರ ಏನನ್ನೂ ಎಳೆಯುವುದಿಲ್ಲ. ನೆಲ ಕಚ್ಚಿ ಎಳೆಯುವುದು ಎತ್ತಿನ ಗೊರಸು, ಟೈರು ಬರೀ ಉರುಳುತ್ತದೆ. ಹೀಗಾಗಿ ಕಾರಿನ ಮಾಲೀಕ ಅಪಾಯವೆಂದು ಕಳಚಿದ ಟೈರು ಗಾಡಿಯಲ್ಲಿ ಇನ್ನೊಂದು ಆಯುಷ್ಯವನ್ನೇ ಬಾಳುತ್ತದೆ. ಮೇಸ್ತ್ರಿ ನೋಡುವುದು ಬೇರೆಯದನ್ನು. ಟೈರನ್ನು ಅಗಲಿಸಿ ಒಳಮೈಗೆ ಬೆಳಕು ಹಿಡಿಯುತ್ತಾನೆ. ದಾರ ಕಾಣುತ್ತಿದೆಯೇ? ಪಕ್ಕ ಎಲ್ಲಾದರೂ ಉಬ್ಬಿದೆಯೇ? ರಿಮ್ಮಿಗೆ ಕೂರುವ ಅಂಚಿನ ತಂತಿ ಬಾಗಿದೆಯೇ? ಗ್ರಿಪ್ಪಿನ ಕಡೆ ಸಣ್ಣ ಸೀಳಿದ್ದರೆ ಒಳಗೆ ಹಳೆಯ ಟೈರಿನದೇ ತುಂಡನ್ನು ಗೇಟರ್ ಆಗಿ ಕೂರಿಸಿ ಒಪ್ಪುತ್ತಾನೆ. ತಂತಿ ಮುರಿದಿದ್ದರೆ ಬಿಟ್ಟಿ ಕೊಟ್ಟರೂ ಬೇಡ ಅನ್ನುತ್ತಾನೆ.

ಇದನ್ನೇ ಬೈಕಿನಲ್ಲಿ ಮಾಡುವವರೂ ಜಗತ್ತಿನಲ್ಲಿದ್ದಾರೆ. ಅಮೆರಿಕದಲ್ಲಿ ಹೋಂಡಾ ಗೋಲ್ಡ್‌ವಿಂಗ್‌ನಂಥ ಭಾರಿ ಪ್ರವಾಸಿ ಬೈಕುಗಳ ಕೆಲವು ಸವಾರರು ಹಿಂದಿನ ಚಕ್ರಕ್ಕೆ ಕಾರಿನ ಟೈರು ಹಾಕಿಕೊಳ್ಳುತ್ತಾರೆ. ಅವರಿಗೊಂದು ಕಾರಣವಿದೆ. 1975ರಿಂದ ಬೆಳೆಯುತ್ತ ಬಂದ ಆ ಬೈಕಿನ 1800 ಸಿಸಿ ಮಾದರಿ ಹತ್ತಿರ ಹತ್ತಿರ ನಾಲ್ಕು ಕ್ವಿಂಟಲ್ ತೂಗುತ್ತದೆ. ಸಾವಿರಾರು ಮೈಲಿಯ ನೇರ ಹೆದ್ದಾರಿಯಲ್ಲಿ ಆ ಭಾರವನ್ನೂ ಇಂಜಿನ್ನಿನ ನೂಕನ್ನೂ ಹೊರುವುದು ಹಿಂದಿನ ಟೈರಿನ ನಟ್ಟನಡುವಿನ ಪಟ್ಟಿ ಮಾತ್ರ. ಅದು ಬೇಗ ಸವೆದು ಮಟ್ಟಸವಾಗುತ್ತದೆ, ಅಂಚುಗಳು ಹೊಸದಾಗಿಯೇ ಉಳಿದಿರುತ್ತವೆ. ಕಾರಿನ ಟೈರು ಮೊದಲೇ ಮಟ್ಟಸ, ರಬ್ಬರು ಗಡಸು, ಬಾಳಿಕೆ ಹಲವು ಪಟ್ಟು ಹೆಚ್ಚು.

ಆದರೆ ಬೈಕು ತಿರುವಿನಲ್ಲಿ ಒರಗಬೇಕು. ಬೈಕಿನ ಟೈರು ಅದಕ್ಕೆಂದೇ ದುಂಡಗಿರುತ್ತದೆ. ಎಷ್ಟು ಒರಗಿದರೂ ನೆಲಕ್ಕೆ ತಾಗುವ ಜಾಗ ಒಂದೇ ಸಮ ಸರಿಯುತ್ತ ಹೋಗುತ್ತದೆ. ಚಪ್ಪಟೆ ಟೈರಿನ ಬೈಕು ಒರಗಿದಾಗ ಟೈರಿನ ಭುಜದ ಮೇಲೆ ಏರುತ್ತದೆ, ಪಕ್ಕದ ಗೋಡೆ ಮಡಿಸಿಕೊಳ್ಳುತ್ತದೆ, ಬೈಕು ತಾನಾಗಿ ನೆಟ್ಟಗಾಗಲು ಎಳೆಯುತ್ತದೆ. ಸವಾರ ತಿರುವು ಮುಗಿಯುವವರೆಗೂ ಹ್ಯಾಂಡಲ್ಲನ್ನು ಒತ್ತಿ ಹಿಡಿದಿರಬೇಕು. ಅದಕ್ಕೆ ಅವರು ಗಾಳಿಯ ಪೌಂಡನ್ನು ಹೆಚ್ಚುಕಡಿಮೆ ಮಾಡಿ ನೋಡುತ್ತ ಪಕ್ಕದ ಗೋಡೆ ಎಷ್ಟು ಮಡಿಸಿಕೊಳ್ಳಬೇಕೆಂದು ಹದ ಹುಡುಕುತ್ತಾರೆ. ಆ ತಾಳ್ಮೆಗೆ ನನ್ನ ಮೆಚ್ಚುಗೆಯಿದೆ. ಹಾಗೆಂದು ಬೆಂಗಳೂರು–ಹೊನ್ನಾವರ ಹೆದ್ದಾರಿಯಲ್ಲಿ ಗುಬ್ಬಿ ದಾಟಿ ಮಲೆನಾಡಿನ ಕಡೆ ಹೋಗುವ ನಮ್ಮ ಬುಲೆಟ್ ಸವಾರರಿಗೆ ಇದನ್ನು ಹೇಳಿಕೊಡಲಾರೆ. ಬೈಕಿನ ರಿಮ್ಮಿನ ಅಂಚಿನ ಆಕಾರವೂ ಕಾರಿನ ಟೈರಿನ ಅಂಚೂ ಒಂದಕ್ಕೊಂದು ಹೊಂದುವಂತೆ ಮಾಡಿದವಲ್ಲ. ತಯಾರಕರು ಬೇಡ ಅನ್ನುತ್ತಾರೆ. ಘಾಟಿಯ ಒದ್ದೆ ತಿರುವಿನಲ್ಲಿ ಇಂಥ ಪ್ರಯೋಗಕ್ಕೆ ಜಾಗವಿಲ್ಲ. ಪಕ್ಕಕ್ಕೆ ತೊಟ್ಟಿಲು ಕಟ್ಟಿದ ಸೈಡ್‌ಕಾರ್ ಬೈಕಿನ ಮಾತು ಬೇರೆ. ಅದು ಒರಗುವುದೇ ಇಲ್ಲ, ಆದ್ದರಿಂದ ಚಪ್ಪಟೆ ಟೈರು ಅಲ್ಲಿ ಒಗ್ಗುತ್ತದೆ. ಎತ್ತಿನ ಗಾಡಿಯೂ ಅದೇ ಜಾತಿಯದು.

ಒರಗದಿದ್ದರೇನು, ಗಾಡಿಗೆ ತನ್ನದೇ ತಕರಾರುಗಳಿವೆ. ಐದಡಿಯ ಗಾಲಿ ತೆಗೆದು ಎರಡೂವರೆ ಅಡಿಯ ಟೈರು ಹಾಕಿದರೆ ಅಚ್ಚು ಒಂದಡಿಗೂ ಹೆಚ್ಚು ಕೆಳಗಿಳಿಯುತ್ತದೆ. ಆದರೆ ಎತ್ತಿನ ಹೆಗಲು ಇದ್ದಲ್ಲೇ ಇರುತ್ತದೆ. ಹಾಗೇ ಬಿಟ್ಟರೆ ಗಾಡಿ ಹಿಂದಕ್ಕೆ ವಾಲಿ, ಹೊರೆ ಹಿಂದೆ ಜಾರಿ, ನೊಗ ಮೇಲೆದ್ದು ಕೊರಳ ಪಟ್ಟಿ ಎತ್ತಿನ ಗಂಟಲನ್ನು ಒತ್ತುತ್ತದೆ. ಮೇಸ್ತ್ರಿ ಅಚ್ಚಿನ ಮೇಲೆ ಮರದ ದಿಮ್ಮಿಯನ್ನೋ ಕಬ್ಬಿಣದ ಕಾಲುಗಳನ್ನೋ ಕೊಟ್ಟು ಹಾಸನ್ನು ಎತ್ತರಿಸುತ್ತಾನೆ. ಅಚ್ಚನ್ನು ಹಿಂದೆ ಮುಂದೆ ಸರಿಸಿ ನೋಡುತ್ತಾನೆ. ಹೊರೆ ತುಂಬಿದಾಗ ಮೂಕಿಯನ್ನು ಒಬ್ಬ ಆಳು ಒಂದು ಕೈಯಲ್ಲಿ ಎತ್ತಿ ಹಿಡಿಯುವಂತಿರಬೇಕು: ಹೆಗಲ ಮೇಲೆ ನೊಗ ಕೂತಿರುವಷ್ಟು ಭಾರ, ಅದಕ್ಕಿಂತ ಹೆಚ್ಚಿಲ್ಲ. ಈ ಹದ ಪುಸ್ತಕದಿಂದ ಬರುವುದಿಲ್ಲ.

ಸಲೀಸಾಗಿ ಉರುಳುವುದಕ್ಕೂ ಬೆಲೆ ತೆರಬೇಕು. ಇಳಿಜಾರಿನಲ್ಲಿ ಟೈರ್ ಗಾಡಿ ಎತ್ತುಗಳನ್ನೇ ತಳ್ಳಿಕೊಂಡು ಹೋಗುತ್ತದೆ. ಹಾಗಾಗಿ ಬ್ರೇಕು ಬೇಕೇಬೇಕು. ಗಾಡಿ ಹೊಡೆಯುವವನ ಕೈಗೆ ಸಿಗುವಂತೆ ಒಂದು ಹಗ್ಗ ಅಥವಾ ಸನ್ನೆ, ಅದನ್ನು ಎಳೆದರೆ ಟೈರಿನ ಮೈಗೆ ಒತ್ತುವ ಮರದ ತುಂಡು, ಇಷ್ಟು ಸಾಕು.

ಇನ್ನು ಜಾಲಿ ಮುಳ್ಳು. ಈ ಬಯಲುಸೀಮೆಯಲ್ಲಿ ಟೈರ್ ಗಾಡಿಯ ನಿಜವಾದ ಶತ್ರು ಅದೇ. ಟ್ಯೂಬಿಗೆ ಪ್ಯಾಚ್ ಹಾಕುವುದು ಯಾರಿಗೂ ಬಂದೀತು. ಒಳ್ಳೆಯ ಕೆಲಸಗಾರ ಮೊದಲು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗ ಗುರುತಿಸುತ್ತಾನೆ, ವಾಲ್ವಿನಿಂದ ಅದು ಎಷ್ಟು ದೂರ ಎಂದು ಅಳೆದು ಟೈರಿನಲ್ಲೂ ಅದೇ ಜಾಗ ಹುಡುಕುತ್ತಾನೆ. ಮುಳ್ಳಿನ ತುದಿ ಮುರಿದು ರಬ್ಬರಿನೊಳಗೆ ಕೂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಳೆಯ ಬಟ್ಟೆಯನ್ನು ಒಳಮೈಗೆ ಸವರುತ್ತ ಹೋದರೆ ನೂಲು ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಮುಳ್ಳಿದೆ. ಅದನ್ನು ಕಿತ್ತ ಮೇಲೆ ಪೌಡರ್ ಉದುರಿಸಿ ಟ್ಯೂಬು ಕೂರಿಸಿ, ಸ್ವಲ್ಪ ಗಾಳಿ ಹೊಡೆದು ಮಡಿಕೆ ಬಿಡಿಸಿಕೊಂಡು, ಆಮೇಲೆ ಪೂರ್ತಿ ತುಂಬುತ್ತಾನೆ.

ಕೊನೆಯಲ್ಲಿ ಎರಡೂ ಟೈರುಗಳನ್ನು ಜೋಡಿಯಾಗಿ ನೋಡುತ್ತಾನೆ. ಒಂದು ಕಡೆ ಗಾಳಿ ಕಡಿಮೆಯಾದರೆ ಆ ಚಕ್ರ ಭಾರವಾಗಿ ಉರುಳಿ ಗಾಡಿ ಆ ಪಕ್ಕಕ್ಕೆ ಎಳೆಯುತ್ತದೆ, ಮೂಕಿ ಓರೆಯಾಗುತ್ತದೆ. ಆಗ ಒಂದು ಎತ್ತು ಮತ್ತೊಂದಕ್ಕಿಂತ ಹೆಚ್ಚು ದುಡಿಯುತ್ತದೆ, ದಿನಗಟ್ಟಲೆ ಹಾಗೇ ನಡೆದರೆ ಅದರ ಹೆಗಲು ಬಾತುಕೊಳ್ಳುತ್ತದೆ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯನ್ನು ಕೊಳ್ಳುವವರು ಮೊದಲು ಹೆಗಲನ್ನೇ ಮುಟ್ಟಿ ನೋಡುತ್ತಾರೆ. ಜೋಡಿಗೆ ಸಮನಾದ ಎತ್ತನ್ನು ಹುಡುಕುವಷ್ಟೇ ಎಚ್ಚರದಿಂದ ಗಾಡಿಯವರು ಸಮ ಎತ್ತರದ ಎರಡು ಟೈರುಗಳನ್ನು ಹುಡುಕುತ್ತಾರೆ. ಒಂದೇ ಅಳತೆ, ಒಂದೇ ಸವೆತ, ಸಾಧ್ಯವಾದರೆ ಒಂದೇ ಕಾರಿನಿಂದ ಇಳಿಸಿದವು.