ಕುಣಿಗಲ್ ಕುದುರೆಯೂ ಗುಬ್ಬಿಯ ಇಪ್ಪತ್ತು ಕಿಲೋಮೀಟರೂ

ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಬೆಳೆಯುವಂಥ ಥರೋಬ್ರೆಡ್ ಕುದುರೆ ಸುಮ್ಮನೆ ನಿಂತಿದ್ದಾಗ ಅದರ ಎಡ ಮುಂಗಾಲಿನ ಮೊಣಕೈ ಹಿಂದೆ ಸ್ಟೆತಾಸ್ಕೋಪ್ ಇಟ್ಟು ಕೇಳಬೇಕು. ನಿಮಿಷಕ್ಕೆ 30–40 ಬಡಿತ, ಅಷ್ಟೇ. ಅದರಲ್ಲೂ ಒಮ್ಮೊಮ್ಮೆ ಒಂದು ಬಡಿತ ತಪ್ಪಿಹೋಗುತ್ತದೆ. ಗಾಬರಿಯಾಗಬೇಕಿಲ್ಲ. ನಾಲ್ಕೈದು ಕೆ.ಜಿ. ತೂಗುವ ಆ ಹೃದಯಕ್ಕೆ ವಿಶ್ರಾಂತಿಯಲ್ಲಿ ಕೆಲಸ ಕಡಿಮೆ. ವೇಗಸ್ ನರ ಲಗಾಮು ಎಳೆದು ಹಿಡಿದಿರುತ್ತದೆ. ಓಡಿಸಿದರೆ ಬಡಿತ 200 ದಾಟುತ್ತದೆ, ತಪ್ಪುವುದೂ ನಿಲ್ಲುತ್ತದೆ.

ರೇಸ್ ಕುದುರೆಗಳಲ್ಲಿ ಇನ್ನೊಂದು ತೊಂದರೆ ಸಾಮಾನ್ಯ. ಹೃದಯದ ಮೇಲಿನ ಕೋಣೆಗಳು, ಅಂದರೆ ಹೃತ್ಕರ್ಣಗಳು, ಹಿಂಡುವುದು ಬಿಟ್ಟು ಬರೀ ಅದುರತೊಡಗುತ್ತವೆ. ಕುದುರೆ ಓಟದಲ್ಲಿ ಹಿಂದೆ ಬೀಳುತ್ತದೆ, ಆದರೆ ಲಾಯಕ್ಕೆ ಮರಳಿ ಹುಲ್ಲು ತಿನ್ನುತ್ತದೆ. ರಕ್ತವನ್ನು ಮೈಗೆ ತಳ್ಳುವ ಕೆಳಗಿನ ಹೃತ್ಕುಕ್ಷಿಗಳು ಇನ್ನೂ ದುಡಿಯುತ್ತಿರುತ್ತವಲ್ಲ!

ಅದೇ ಅದುರಾಟ ಹೃತ್ಕುಕ್ಷಿಗೆ ಬಂದರೆ ಕಥೆಯೇ ಬೇರೆ. ಮನುಷ್ಯನಾದರೆ ಹತ್ತಿಪ್ಪತ್ತು ಸೆಕೆಂಡಿನೊಳಗೆ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಹಠಾತ್ ಹೃದಯ ಸ್ತಂಭನ ಎಂದರೆ ಬಹುಪಾಲು ಇದೇ. ಹೃದಯಾಘಾತ ಬೇರೆ: ಅದರಲ್ಲಿ ಹೃದಯದ ರಕ್ತನಾಳ ಕಟ್ಟಿಕೊಂಡಿರುತ್ತದೆ, ರೋಗಿ ಎದೆನೋವು ಎಂದು ಹೇಳಬಲ್ಲ. ಆ ಆಘಾತವೇ ಅದುರಾಟಕ್ಕೆ ತಿರುಗಲೂಬಹುದು. ಹಳೆಯ ಆಘಾತದ ಕಲೆ, ದಪ್ಪಗಾದ ಸ್ನಾಯು, ಹುಟ್ಟಿನಿಂದ ಬಂದ ವಿದ್ಯುತ್ ದೋಷ ಕೂಡ ಕಾರಣವಾಗುತ್ತವೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯದ ತೊಂದರೆಯಿಂದ ತೀರಿಕೊಂಡ ಮೇಲೆ ಇಸಿಜಿಗೆಂದು ಜನ ಜಯದೇವ ಹೃದ್ರೋಗ ಆಸ್ಪತ್ರೆಗೆ ಮುಗಿಬಿದ್ದರು. ಇಸಿಜಿ ಆ ಕೆಲವು ಸೆಕೆಂಡಿನ ಚಿತ್ರ. ನಾಳೆಗೆ ಗ್ಯಾರಂಟಿ ಕೊಡುವುದಿಲ್ಲ.

ಹೃತ್ಕುಕ್ಷಿಯ ಅದುರಾಟಕ್ಕೆ ಮದ್ದು ಎಇಡಿ (ಸ್ವಯಂಚಾಲಿತ ಡಿಫಿಬ್ರಿಲೇಟರ್) ಯಂತ್ರದ ಶಾಕ್. ಸಿನಿಮಾದಲ್ಲಿ ಗೆರೆ ಚಪ್ಪಟೆಯಾದ ಮೇಲೆ ಶಾಕ್ ಕೊಡುತ್ತಾರೆ, ಅದು ಶುದ್ಧ ಸುಳ್ಳು. ಶಾಕ್ ಹೃದಯವನ್ನು ಶುರು ಮಾಡುವುದಲ್ಲ, ಗಲಿಬಿಲಿಯನ್ನು ಒಮ್ಮೆಲೇ ನಿಲ್ಲಿಸುವುದು. ಆಮೇಲೆ ಹೃದಯ ತಾನೇ ತಾಳ ಹಿಡಿಯಬೇಕು.

ಪುನೀತ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯ ಹೆಪ್ಪು ಕರಗಿಸುವ ಇಂಜೆಕ್ಷನ್ ಆಘಾತದವರಿಗೆ ದೊಡ್ಡ ಆಸರೆ. ಬಿದ್ದವನಿಗೆ ಮಾತ್ರ ಅಷ್ಟು ಹೊತ್ತಿಲ್ಲ. ಗುಬ್ಬಿಯಿಂದ ತುಮಕೂರಿನ ದೊಡ್ಡ ಆಸ್ಪತ್ರೆಗೆ ಸುಮಾರು 20 ಕಿ.ಮೀ.; ಏನೂ ಮಾಡದಿದ್ದರೆ ಪ್ರತಿ ನಿಮಿಷಕ್ಕೆ ಬದುಕುವ ಅವಕಾಶ ಶೇ. 7ರಿಂದ 10ರಷ್ಟು ಕುಸಿಯುತ್ತದೆ. 108ಕ್ಕೆ ಫೋನ್ ಮಾಡಿ, ಎದೆಯ ನಡುವೆ ಐದಾರು ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100–120 ಸಲ ಒತ್ತುತ್ತಿರಬೇಕು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಲಿ: ದಣಿದ ಕೈ ಮೇಲೆಮೇಲೆ ಒತ್ತತೊಡಗುತ್ತದೆ, ಒತ್ತುವವರಿಗೆ ಅದು ಗೊತ್ತೇ ಆಗುವುದಿಲ್ಲ.